ಹಳೆ ಫೋನು ರಿಸೆಟ್ ಹೊಡೆಯುವ ಮುಂಚೆ ಸ್ವಲ್ಪ ತಡೆಯಿರಿ

ಹೊಸ ಫೋನು ಬಂದ ದಿನವೇ ಹಳೆಯದನ್ನು ಅಳಿಸಿ ಮಾರಿಬಿಡುವವರಿಗೆ ಆಗುವುದು ಹೀಗೆ. ಫೋಟೋಗಳು ಬಂದಿವೆ, ನಂಬರುಗಳು ಬಂದಿವೆ, ಆ್ಯಪ್‌ಗಳೂ ಹಿಂದಿದ್ದ ಜಾಗದಲ್ಲೇ ಕೂತಿವೆ. ಎಲ್ಲ ಬಂತಲ್ಲ ಎಂದು ಹಳೆ ಫೋನು ಕೊಟ್ಟಾಯಿತು. ಎರಡು ದಿನ ಬಿಟ್ಟು ಲ್ಯಾಪ್‌ಟಾಪಿನಲ್ಲಿ ಮೇಲ್ ತೆರೆಯಲು ಹೋದರೆ ಆರಂಕಿಯ ಕೋಡ್ ಕೇಳುತ್ತದೆ. ಹೊಸ ಫೋನಿನಲ್ಲಿ ಆ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಒತ್ತಿದರೆ ಖಾಲಿ ಪರದೆ, ಮೂಲೆಯಲ್ಲೊಂದು ಪ್ಲಸ್ ಗುರುತು. ಆ್ಯಪ್ ಬಂದಿದೆ, ಅದರೊಳಗಿದ್ದ ಕೀಲಿಗಳು ಬಂದಿಲ್ಲ.

ಈ ಕೋಡು ಎಸ್ಎಂಎಸ್ ಒಟಿಪಿಯ ಹಾಗೆ ಹೊರಗಿನಿಂದ ಬರುವಂಥದ್ದಲ್ಲ. ಮೊದಲ ಸಲ ಕ್ಯೂಆರ್ ಸ್ಕ್ಯಾನ್ ಮಾಡಿದಾಗಲೇ ಒಂದು ಗುಟ್ಟಿನ ಕೀಲಿ ಫೋನಿನೊಳಗೆ ಇಳಿದಿರುತ್ತದೆ. ಆ ಕೀಲಿ ಮತ್ತು ಆ ಹೊತ್ತಿನ ಸಮಯ ಎರಡನ್ನೂ ಸೇರಿಸಿ 30 ಸೆಕೆಂಡಿಗೊಂದು ಕೋಡನ್ನು ಫೋನೇ ಲೆಕ್ಕ ಹಾಕುತ್ತದೆ. ನೆಟ್ ಇಲ್ಲದಿದ್ದರೂ ಅದು ನಡೆಯುವುದು ಇದರಿಂದಲೇ. ಸಿಮ್ ತೆಗೆದು ಹೊಸ ಫೋನಿಗೆ ಹಾಕಿದರೆ ಅದು ಜತೆಗೆ ಬರದಿರುವುದೂ ಇದರಿಂದಲೇ. ಕೀಲಿ ಇದ್ದ ಫೋನನ್ನು ಅಳಿಸಿದರೆ ಕೀಲಿಯೂ ಹೋಯಿತು.

ಗೂಗಲ್ ಅಥೆಂಟಿಕೇಟರಿಗೆ 2023ರ ಏಪ್ರಿಲ್‌ನಲ್ಲಿ ಗೂಗಲ್ ಖಾತೆಯ ಜತೆ ಸಿಂಕ್ ಆಗುವ ಸೌಲಭ್ಯ ಬಂತು. ಆದರೆ ಖಾತೆ ಸೇರಿಸದೆ ಆ್ಯಪ್ ಬಳಸುತ್ತಿರುವವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಸಿಂಕ್ ಇದ್ದರೂ ಒಂದು ತೊಡಕಿದೆ: ಗೂಗಲ್ ಖಾತೆಗೆ ಬೇಕಾದ ಕೋಡೇ ಗೂಗಲ್ ಖಾತೆಯೊಳಗಿದ್ದರೆ, ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದಂತೆ. ಅದಕ್ಕೆ ಬ್ಯಾಕಪ್ ಕೋಡ್‌ಗಳು ಬೇಕು, ಅಂದರೆ ಅಥೆಂಟಿಕೇಟರ್ ಕೈಗೆ ಸಿಗದಾಗ ಬಳಸಲು ಮೊದಲೇ ತೆಗೆದಿಡುವ ಕೋಡ್‌ಗಳು. ಗೂಗಲ್ 8 ಅಂಕಿಯ 10 ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಹೊಸ ಕಟ್ಟು ತೆಗೆದ ಕ್ಷಣ ಹಳೆಯದು ರದ್ದು. ಕಾಗದದಲ್ಲಿ ಬರೆದಿಡಿ, ಅದೇ ಫೋನಿನ ಸ್ಕ್ರೀನ್‌ಶಾಟಿನಲ್ಲಿ ಬೇಡ.

ಸಾಗಿಸುವುದು ಕಷ್ಟವಿಲ್ಲ. ಹಳೆ ಫೋನಿನ ಅಥೆಂಟಿಕೇಟರ್ ಮೆನುವಿನಲ್ಲಿ ಟ್ರಾನ್ಸ್‌ಫರ್ ಅಕೌಂಟ್ಸ್, ಅದರಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಕ್ಯೂಆರ್ ಬರುತ್ತದೆ. ಹೊಸ ಫೋನಿನಲ್ಲಿ ಇಂಪೋರ್ಟ್ ಒತ್ತಿ ಅದನ್ನು ಸ್ಕ್ಯಾನ್ ಮಾಡಬೇಕು. ಎಡವುವುದು ಇಲ್ಲೇ: ಖಾತೆಗಳು ಹೆಚ್ಚಿದ್ದರೆ ಒಂದೇ ಕ್ಯೂಆರಿನಲ್ಲಿ ಹಿಡಿಸುವುದಿಲ್ಲ, ನೆಕ್ಸ್ಟ್ ಒತ್ತಿದಂತೆ ಎರಡನೆಯದು, ಮೂರನೆಯದು ಬರುತ್ತವೆ. ಮೊದಲನೆಯದನ್ನಷ್ಟೇ ಸ್ಕ್ಯಾನ್ ಮಾಡಿ ಮುಗಿಸಿದವರಿಗೆ ಉಳಿದ ಖಾತೆಗಳು ಬಂದಿರುವುದಿಲ್ಲ. ಹಾಗಾಗಿ ಎರಡೂ ಫೋನು ಪಕ್ಕಪಕ್ಕ ಇಟ್ಟು ಹೆಸರುಗಳನ್ನು ಎಣಿಸಿ ನೋಡಿ. ಒಂದೇ ಖಾತೆಗೆ ಎರಡರಲ್ಲೂ ಒಂದೇ ಹೊತ್ತಿಗೆ ಒಂದೇ ಕೋಡ್ ಬರುತ್ತಿದ್ದರೆ ಅದು ಸರಿಯಾಗಿ ಬಂದಿದೆ. ಬ್ಯಾಂಕಿನ ಆ್ಯಪ್‌ಗಳ ಲೆಕ್ಕ ಬೇರೆ, ಅವನ್ನು ಹೊಸ ಫೋನಿನಲ್ಲಿ ಮತ್ತೆ ನೋಂದಾಯಿಸಬೇಕಾಗಬಹುದು. ಹಳೆಯದು ಕೈಯಲ್ಲಿರುವಾಗಲೇ ಮುಗಿಸಿಕೊಳ್ಳಿ.

ವಾಟ್ಸ್ಆ್ಯಪ್‌ನದು ಇನ್ನೊಂದು ಗೋಳು. 2021ರ ಅಕ್ಟೋಬರಿನಿಂದ ಬ್ಯಾಕಪ್ಪಿಗೂ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ (ಕೀಲಿ ಇಲ್ಲದೆ ಯಾರೂ ಓದಲಾಗದ ಬೀಗ) ಹಾಕಿಕೊಳ್ಳಬಹುದು, ಪಾಸ್‌ವರ್ಡ್ ಇಟ್ಟು ಅಥವಾ 64 ಅಂಕಿಯ ಕೀಲಿ ಪಡೆದು. ಒಳ್ಳೆಯದೇ. ಆದರೆ ಯಾವತ್ತೋ ಇಟ್ಟ ಪಾಸ್‌ವರ್ಡ್ ಮರೆತಿದ್ದು, ಹಳೆ ಫೋನೂ ಅಳಿಸಿಹೋಗಿದ್ದರೆ, ಆ ಚಾಟ್‌ಗಳನ್ನು ಕಂಪನಿಯೂ ತೆರೆದುಕೊಡಲಾರದು. ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರಿಗೆ ಮತ್ತೊಂದು ಮಾತು: ಆಂಡ್ರಾಯ್ಡ್‌ನ ಬ್ಯಾಕಪ್ ಕೂರುವುದು ಗೂಗಲ್ ಖಾತೆಯಲ್ಲಿ, ಐಫೋನ್ ಹುಡುಕುವುದು ಐಕ್ಲೌಡಿನಲ್ಲಿ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ, ಎರಡು ಫೋನೂ ಎದುರಿಟ್ಟುಕೊಂಡೇ ಸಾಗಿಸಬೇಕು.

ಐಫೋನ್ ಮಾರುವವರು ಮಾಡುವ ದೊಡ್ಡ ತಪ್ಪೆಂದರೆ, ರಿಸೆಟ್‌ಗೆ ಮೊದಲು ಕೂತು ಫೋಟೋಗಳನ್ನು ಕೈಯಾರೆ ಡಿಲೀಟ್ ಮಾಡುವುದು. ಐಕ್ಲೌಡ್ ಫೋಟೋಸ್ ಆನ್ ಇದ್ದರೆ ಅಲ್ಲಿ ಅಳಿಸಿದ್ದು ಹೊಸ ಫೋನಿನಿಂದಲೂ ಹೋಗುತ್ತದೆ. ರೀಸೆಂಟ್ಲಿ ಡಿಲೀಟೆಡ್ ಫೋಲ್ಡರಿನಲ್ಲಿ 30 ದಿನ ಸಿಗುತ್ತದೆ, ಆಮೇಲೆ ಇಲ್ಲ. ಏನನ್ನೂ ಮುಟ್ಟದೆ ಮೊದಲು ಕಳೆದ ಫೋನು ಹುಡುಕಿಕೊಡುವ ಫೈಂಡ್ ಮೈ ಆಫ್ ಮಾಡಿ, ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗಿ, ನಂತರ ಎರೇಸ್ ಮಾಡಿ. ಆಂಡ್ರಾಯ್ಡ್‌ನಲ್ಲೂ ಸೆಟ್ಟಿಂಗ್ಸ್‌ನಿಂದಲೇ ಗೂಗಲ್ ಖಾತೆ ತೆಗೆದು, ಅಲ್ಲಿಂದಲೇ ರಿಸೆಟ್ ಮಾಡಿ. ಪವರ್, ವಾಲ್ಯೂಮ್ ಬಟನ್ ಒತ್ತಿಹಿಡಿದಾಗ ಬರುವ ರಿಕವರಿ ಮೆನುವಿನಿಂದ ಅಳಿಸಿದರೆ ಕಳ್ಳತನ ತಡೆಯುವ ಬೀಗ ಹಾಗೇ ಉಳಿಯುತ್ತದೆ, ಕೊಂಡವರ ಎದುರು ನಿಮ್ಮ ಪಾಸ್‌ವರ್ಡ್ ಕೇಳುತ್ತಾ ನಿಲ್ಲುತ್ತದೆ.

ಮೆಮೊರಿ ಕಾರ್ಡನ್ನು ರಿಸೆಟ್ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಸಿಮ್ ಟ್ರೇ ಹೊರಗೆಳೆದು ಕಣ್ಣಾರೆ ನೋಡಿ. ರಿಸೆಟ್ ಆದ ಮೇಲೆ ಹಾಳುಮೂಳು ವಿಡಿಯೋ ತುಂಬಿ ಮತ್ತೆ ಅಳಿಸಬೇಕು ಎಂಬ ಹಳೆ ಸಲಹೆ ಇನ್ನೂ ಓಡಾಡುತ್ತಿದೆ. ಈಚಿನ ಫೋನುಗಳಿಗೆ ಅದು ವ್ಯರ್ಥ ಶ್ರಮ. ಅವುಗಳಲ್ಲಿರುವ ಮಾಹಿತಿಯೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ರಿಸೆಟ್ ಆ ಎನ್‌ಕ್ರಿಪ್ಷನ್ನಿನ ಕೀಲಿಯನ್ನೇ ನಾಶ ಮಾಡುತ್ತದೆ.

ಹಳೆ ಫೋನನ್ನು ಒಂದೆರಡು ವಾರ ಆಫ್ ಮಾಡಿ ಡ್ರಾಯರಿನಲ್ಲಿಟ್ಟು, ಹೊಸದರಲ್ಲೇ ಎಲ್ಲ ಲಾಗಿನ್ ಒಂದು ಸುತ್ತು ನಡೆಸಿ ನೋಡಿ. ರಿಸೆಟ್ ಮಾಡಿದ ಮೇಲೂ ಕೊಡುವ ಮುನ್ನ ಒಮ್ಮೆ ಆನ್ ಮಾಡಿ, ವೈಫೈಗೆ ಸೇರಿಸಿ, ಎರಡು ಹೆಜ್ಜೆ ಮುಂದೆ ಹೋಗಿ. ಹಿಂದಿನ ಖಾತೆಯನ್ನು ಕೇಳಿದರೆ ಬೀಗ ಬಿಟ್ಟಿಲ್ಲ. ಹೊಸ ಖಾತೆ ಸೇರಿಸಲು ಕೇಳಿದರೆ ಅಲ್ಲಿಗೇ ಆಫ್ ಮಾಡಿ ಕೊಟ್ಟುಬಿಡಿ.