ಹಿತ್ತಿಲ ಹಕ್ಕಿಗಳ ಫೋಟೋಗೆ ಡಾರ್ಕ್‌ಟೇಬಲ್: ಕೆಲವು ವರ್ಷ ಬಳಸಿದ ಮೇಲೆ

ಬಿಟ್ಟಿ ಸಿಗುತ್ತದೆ ಅಂತ ಡಾರ್ಕ್‌ಟೇಬಲ್ ಅನ್ನುವ ಫೋಟೋ ತಿದ್ದುವ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಹಾಕಿಕೊಂಡೆ. ಈಗಲೂ ಇಟ್ಟುಕೊಂಡಿರುವುದು ಮಡಿವಾಳ ಹಕ್ಕಿಗಾಗಿ.

ಗಂಡು ಮಡಿವಾಳದ ಫೋಟೋ ತೆಗೆದವರಿಗೆ ಅದರ ಕಷ್ಟ ಗೊತ್ತು. ತಲೆ, ಬೆನ್ನು, ಎದೆ ಮಿರುಗುವ ಕಪ್ಪು. ಹೊಟ್ಟೆ, ರೆಕ್ಕೆಯ ಪಟ್ಟಿ ಅಚ್ಚ ಬಿಳಿ. ಬಿಸಿಲಲ್ಲಿ ಬಿಳಿಗೆ ಹೊಂದಿಸಿದರೆ ಕಪ್ಪು ತಲೆಯೊಳಗೆ ಕಣ್ಣೇ ಕಾಣುವುದಿಲ್ಲ. ಕಪ್ಪಿಗೆ ಹೊಂದಿಸಿದರೆ ಹೊಟ್ಟೆ ಸುಣ್ಣ ಬಳಿದ ಗೋಡೆಯಂತಾಗುತ್ತದೆ, ಒಂದು ಗರಿಯೂ ಉಳಿಯುವುದಿಲ್ಲ. ನಾನು ಬಿಳಿ ಉಳಿಯುವಂತೆ ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಸಂಸ್ಕರಿಸದೆ ಇಟ್ಟುಕೊಳ್ಳುವ ಫೈಲ್‌ನಲ್ಲಿ, ತೆಗೆಯುತ್ತೇನೆ. ಮನೆಗೆ ಬಂದು ಡಾರ್ಕ್‌ಟೇಬಲ್‌ನ ಟೋನ್ ಈಕ್ವಲೈಸರ್ ಅನ್ನುವ ಮಾಡ್ಯೂಲ್ (ಒಂದೊಂದು ಕೆಲಸಕ್ಕೆ ಒಂದೊಂದು ಸಲಕರಣೆ ಇದ್ದಂತೆ) ತೆರೆದು, ಹಕ್ಕಿಯ ತಲೆಯ ಮೇಲೆ ಮೌಸ್ ಇಟ್ಟು ಚಕ್ರ ತಿರುಗಿಸುತ್ತೇನೆ. ಅಷ್ಟು ಕಪ್ಪಾಗಿರುವ ಜಾಗಗಳು ಮಾತ್ರ ಬೆಳಗುತ್ತವೆ, ಬಿಳಿ ಹಾಗೇ ಇರುತ್ತದೆ. ಬೇಕಾದರೆ ಕಣ್ಣಿನ ಸುತ್ತ ಸಣ್ಣ ಮಾಸ್ಕ್ ಹಾಕಿ, ಅಂದರೆ ಅಷ್ಟೇ ಜಾಗ ಆರಿಸಿಕೊಂಡು, ಇನ್ನೂ ಚೂರು ಎತ್ತಬಹುದು. ಜಾಸ್ತಿ ಬೇಡ, ನೋಡಿದ ತಕ್ಷಣ ಗೊತ್ತಾಗಿಬಿಡುತ್ತದೆ.

ನೆರಳಲ್ಲಿ ಸೂರಕ್ಕಿ ಹಿಡಿಯಲು ಶಟರ್ 1/1000 ಸೆಕೆಂಡಿಗೆ ಇಟ್ಟರೆ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಅನ್ನುವ ಅಂಕಿ) ಸುಮ್ನೆ 3200 ದಾಟುತ್ತದೆ, ಫೋಟೋ ಕಾಳುಕಾಳಾಗುತ್ತದೆ. ಇಲ್ಲಿ ಆ ಕಾಳು ತೆಗೆಯುವ ಡಿನಾಯ್ಸ್ ಪ್ರೊಫೈಲ್ಡ್ ಅನ್ನುವ ಮಾಡ್ಯೂಲ್ ಕೆಲಸಕ್ಕೆ ಬರುತ್ತದೆ. ಯಾವ ಕ್ಯಾಮೆರಾ ಯಾವ ಐಎಸ್‌ಒದಲ್ಲಿ ಎಷ್ಟು ಕಾಳುಕಾಳಾಗುತ್ತದೆ ಅನ್ನುವ ಅಳತೆ ಅದರಲ್ಲೇ ಇದೆ. ನಾನು ಅದನ್ನು ಹಿನ್ನೆಲೆಗೆ ಜೋರಾಗಿ, ಹಕ್ಕಿಯ ಮೈಗೆ ತೆಳುವಾಗಿ ಹಾಕುತ್ತೇನೆ. ದುಡ್ಡು ಕೊಟ್ಟು ಕೊಳ್ಳುವ ಎಐ ತಂತ್ರಾಂಶಗಳು ಇದಕ್ಕಿಂತ ನುಣುಪು ಮಾಡುತ್ತವೆ, ನಿಜ. ಆದರೆ ಕೆಲವೊಮ್ಮೆ ಇಲ್ಲದ ಗರಿಯನ್ನೂ ಬರೆದುಬಿಡುತ್ತವೆ. ನನಗದು ಬೇಡ.

ಸೂರಕ್ಕಿಯ ಕತ್ತಿನ ನೇರಳೆ ಹೊಳಪು ಮಾತ್ರ ಯಾವ ತಂತ್ರಾಂಶದಿಂದಲೂ ಬರುವುದಿಲ್ಲ. ಆ ಹೊಳಪು ಗರಿಯ ಒಳರಚನೆಯಿಂದ ಹುಟ್ಟುವುದು. ಬೆಳಕಿನ ಕೋನ ತಪ್ಪಿದರೆ ಕತ್ತು ಕಪ್ಪಾಗಿಯೇ ಕಾಣುತ್ತದೆ. ಎಡಿಟಿಂಗ್‌ನಲ್ಲಿ ಬಣ್ಣ ಬಳಿಯಬಹುದು, ಅಷ್ಟೇ. ಕೆಮ್ಮೀಸೆ ಪಿಕಳಾರದ ಕಥೆ ಬೇರೆ. ಎಲೆಗಳ ಹಸಿರು ಅದರ ಮೇಲೆ ಬಿದ್ದಿರುತ್ತದೆ. ಕೆನ್ನೆಯ ಬಿಳಿಯನ್ನು ಆರಿಸಿ ವೈಟ್ ಬ್ಯಾಲೆನ್ಸ್ ಮಾಡಿದರೆ, ಅಂದರೆ ಅದನ್ನೇ ಬಿಳಿ ಅಂತ ತೋರಿಸಿ ಉಳಿದ ಬಣ್ಣ ಹೊಂದಿಸಿದರೆ, ಸರಿಹೋಗುತ್ತದೆ.

ಇನ್ನು ತಕರಾರು. ಮಾಡ್ಯೂಲ್‌ಗಳು ವಿಪರೀತ. ಒಂದೇ ಕೆಲಸಕ್ಕೆ ಮೂರು ದಾರಿ, ಯಾವುದು ಈಗಿನದು ಅಂತ ಹೊಸಬರಿಗೆ ತಿಳಿಯುವುದಿಲ್ಲ. 2019ರ ಕೊನೆಗೆ 3.0 ಆವೃತ್ತಿ ಬಂದಾಗಿನಿಂದ ಕೆಲಸದ ಕ್ರಮವೇ ಬದಲಾಗುತ್ತಾ ಬಂದಿದೆ, ಹಾಗಾಗಿ ಹಳೆಯ ವಿಡಿಯೋ ಪಾಠಗಳು ದಾರಿ ತಪ್ಪಿಸುತ್ತವೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಡಿಫ್ಯೂಸ್ ಆರ್ ಶಾರ್ಪನ್ ಅನ್ನುವ, ಫೋಟೋ ಚೂಪು ಮಾಡುವ ಮಾಡ್ಯೂಲ್ ಹಾಕಿ ಕಾಫಿ ಮಾಡಿಕೊಂಡು ಬರಬಹುದು, ಅಷ್ಟು ನಿಧಾನ. ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ ಬರುತ್ತದೆ. ಫೋಟೋಗಳ ಪಟ್ಟಿ, ಎಡಿಟ್‌ಗಳನ್ನು ಡಾರ್ಕ್‌ಟೇಬಲ್ ಇಟ್ಟುಕೊಳ್ಳುವ ಡೇಟಾಬೇಸ್ ಒಮ್ಮೆ ಹೊಸದರಲ್ಲಿ ತೆರೆದರೆ ಹಳೆಯದರಲ್ಲಿ ತೆರೆಯುವುದಿಲ್ಲ, ಅಪ್‌ಡೇಟ್‌ಗೆ ಮುಂಚೆ ನಕಲು ಇಟ್ಟುಕೊಳ್ಳಿ. ಮೂಲ ಫೋಟೋಗೆ ಏನೂ ಆಗುವುದಿಲ್ಲ. ಬದಲಾವಣೆಗಳೆಲ್ಲ ಪಕ್ಕದಲ್ಲಿ ಎಕ್ಸ್‌ಎಂಪಿ ಅನ್ನುವ ಸಣ್ಣ ಫೈಲ್‌ನಲ್ಲಿ ಕೂರುತ್ತವೆ.

ನೀವು ಜೆಪೆಗ್ (ಕ್ಯಾಮೆರಾನೇ ಸಿದ್ಧ ಮಾಡಿ ಕೊಡುವ ಫೋಟೋ) ಮಾತ್ರ ತೆಗೆಯುವವರಾದರೆ ಇಷ್ಟೆಲ್ಲ ಪಾಡು ಬೇಡ, ಫೋನಿನ ಸ್ನ್ಯಾಪ್‌ಸೀಡ್ ಆ್ಯಪ್ ಸಾಕು. ರಾ ತೆಗೆಯುವವರಿಗೆ, ಅದರಲ್ಲೂ ಕಪ್ಪು-ಬಿಳಿ ಹಕ್ಕಿಗಳ ಹುಚ್ಚಿರುವವರಿಗೆ, ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಆ ಮಾಡ್ಯೂಲ್‌ಗಳ ಜಾತ್ರೆಗೆ.