ಚಕ್ರದ ಒಳಮಗ್ಗುಲು ನೋಡದೆ ಹಣ ಕೊಡಬೇಡಿ: ಬೆಳಗಾವಿಯಲ್ಲಿ ನನಗಾದ ಮೋಸ

ಬೆಳಗಾವಿಯಲ್ಲಿ ಕಾರಿಗೆ ಅಗಲವಾದ ರಿಮ್ಮು ಮತ್ತು ಟ್ರ್ಯಾಕ್ ಟಯರು ಹಾಕಿಸಬೇಕೆಂದಿರುವವರು ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. 96,000 ರೂಪಾಯಿ ಹೋದ ಸಂಕಟಕ್ಕಿಂತ, ಹೇಗೆ ಹೋಯಿತೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ನಾಚಿಕೆಯೇ ದೊಡ್ಡದಾಗಿದ್ದರಿಂದ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಹೋದ ಶುಕ್ರವಾರ ಅದೇ ಅಂಗಡಿಯವರು ಮತ್ತೆ ಫೋನು ಮಾಡಿದ ಮೇಲೆ ಸುಮ್ಮನಿರುವುದು ತಪ್ಪೆನಿಸಿತು. ಯಾಕೆ ಮಾಡಿದರೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅಂಗಡಿಯ ಹೆಸರು ಬರೆಯಬೇಡ ಎಂದು ವಕೀಲರು ಹೇಳಿರುವುದರಿಂದ ಬರೆಯುತ್ತಿಲ್ಲ, ಕೇಳಲೂ ಬೇಡಿ.

ನಾಚಿಕೆ ಯಾಕೆಂದರೆ, ನಾನು ಉದ್ಯಮಬಾಗದ ಒಂದು ಮಷಿನ್ ಶಾಪಿನ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡುವವನು. ದಿನವಿಡೀ ವರ್ನಿಯರ್ ಮತ್ತು ಮೈಕ್ರೋಮೀಟರ್ ಹಿಡಿದು ಕುಳಿತು, ಡ್ರಾಯಿಂಗಿನಲ್ಲಿರುವುದಕ್ಕಿಂತ ಇಪ್ಪತ್ತು ಮೈಕ್ರಾನ್ ಹೆಚ್ಚಾದ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದಕ್ಕೇ ನನಗೆ ಸಂಬಳ. ಅಂಥವನು ಸ್ವಂತ ಕಾರಿನ ವಿಷಯದಲ್ಲಿ ಹದಿನೈದು ಮಿಲಿಮೀಟರಿನ ಮೋಸವನ್ನು ಕಾಣದೆ ನೋಟು ಎಣಿಸಿ ಕೊಟ್ಟು ಬಂದೆ.

ನನ್ನದು ಫೋಕ್ಸ್‌ವ್ಯಾಗನ್ ಪೋಲೋ. ಕಂಪನಿಯ ರಿಮ್ಮು 6ಜೆ × 15, ಅಂದರೆ 6 ಇಂಚು ಅಗಲ, 15 ಇಂಚು ವ್ಯಾಸ. ಇಟಿ 40, ಇಟಿ ಏನೆಂದು ಮುಂದೆ ಹೇಳುತ್ತೇನೆ. ಟಯರು 185/60 ಆರ್15, ಅಂದರೆ 185 ಮಿಲಿಮೀಟರ್ ಅಗಲ, ಬದಿಯ ಎತ್ತರ ಆ ಅಗಲದ ಶೇಕಡಾ 60, 15 ಇಂಚಿನ ರಿಮ್ಮಿಗೆ ಕೂರುವಂಥದ್ದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ, ಆ 2.1 ಕಿಲೋಮೀಟರಿನ ಟ್ರ್ಯಾಕಿನಲ್ಲಿ ಒಂದು ದಿನ ನನ್ನದೇ ಕಾರು ಓಡಿಸಬೇಕೆಂಬುದು ಬಹಳ ದಿನದ ಆಸೆ. ಅದಕ್ಕಾಗಿ ಚಕ್ರದ ಮೇಲಿನ ತಗಡಾದ ಫೆಂಡರನ್ನು ಕೊಯ್ಯದೆ, ಬಡಿಯದೆ, ಕಂಪನಿಯ ಬಾಡಿಯೊಳಗೇ ಕೂರುವ ಅಗಲದ ಚಕ್ರ ಬೇಕಾಗಿತ್ತು. ಲೆಕ್ಕವನ್ನು ನಾನೇ ಹಾಕಿದ್ದೆ, ಅದೂ ಸರಿಯಾಗಿಯೇ ಹಾಕಿದ್ದೆ. ಇಟಿ ಎಂದರೆ ಹಬ್ಬಿಗೆ (ಕಾರಿನಲ್ಲಿ ಚಕ್ರವನ್ನು ಬಿಗಿಯುವ ನಡುಭಾಗಕ್ಕೆ) ತಾಗುವ ಮುಖವು ರಿಮ್ಮಿನ ನಟ್ಟನಡುವಿನ ಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆಯೆಂಬುದು. ಇಟಿ ಕಡಿಮೆಯಾದಷ್ಟೂ ಚಕ್ರ ಬಾಡಿಯಿಂದ ಹೊರಕ್ಕೆ ಬರುತ್ತದೆ. 7ಜೆ × 15, ಇಟಿ 35 ಹಾಕಿದರೆ ಹೊರ ಅಂಚು ಮೊದಲಿಗಿಂತ ಸುಮಾರು 18 ಮಿಲಿಮೀಟರ್ ಹೊರಗೆ ಬರಬೇಕು. 205/50 ಆರ್15 ಟಯರಿನೊಂದಿಗೆ ಅದು ಬಿಗಿಯಾದರೂ ಕೂರುತ್ತದೆ ಎಂಬುದು ನನ್ನ ಅಂದಾಜು. ಇದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಂಡೇ ಅಂಗಡಿಗೆ ಹೋಗಿದ್ದೆ.

ಅಂಗಡಿಯವರು ಆ ಹಾಳೆಯನ್ನು ಬಹಳ ಗೌರವದಿಂದ ಓದಿದರು. "ಸರ, ನಿಮ್ಮಂಗ ಲೆಕ್ಕಾ ಹಾಕ್ಕೊಂಡ ಬರೂ ಗಿರಾಕಿ ವರ್ಷಕ್ಕ ಒಬ್ರ ಸಿಗ್ತಾರ್ರಿ" ಎಂದರು. ಈ ಮಾತಿಗೇ ನಾನು ಅರ್ಧ ಸೋತಿದ್ದೆ ಎಂದು ಈಗ ಅನಿಸುತ್ತದೆ. ವಾರದ ನಂತರ ವಾಟ್ಸಾಪಿನಲ್ಲಿ ರಿಮ್ಮಿನ ಒಳಭಾಗದ ಫೋಟೊ ಬಂತು. ಅದರ ಮೇಲೆ ಅಂಟಿಸಿದ್ದ ಬಿಳಿ ಚೀಟಿಯಲ್ಲಿ 7ಜೆ, ಇಟಿ 35 ಎಂದು ಸ್ಪಷ್ಟವಾಗಿ ಮುದ್ರಿಸಲಾಗಿತ್ತು. ಟಯರು ಹೊರದೇಶದ ಸೆಮಿ ಸ್ಲಿಕ್ (ಮೇಲ್ಮೈಯಲ್ಲಿ ಕಡಿಮೆ ಗೆರೆಗಳಿರುವ, ಮೆತ್ತನೆಯ ರಬ್ಬರಿನ ಟ್ರ್ಯಾಕ್ ಟಯರು), ಪೂರ್ತಿ ಹೊಸದು, ಒಂದಕ್ಕೆ 17,000. ರಿಮ್ಮಿನ ಸೆಟ್ಟಿಗೆ 40,000. ನನ್ನ ಹಳೆಯ ನಾಲ್ಕೂ ಚಕ್ರಗಳನ್ನು 12,000ಕ್ಕೆ ಅವರೇ ಇಟ್ಟುಕೊಳ್ಳುವುದು. ಪಕ್ಕಾ ಬಿಲ್ಲು ಕೇಳಿದ್ದಕ್ಕೆ, "ಜಿಎಸ್‌ಟಿ ಸುಮ್ನ ಯಾಕ ಕಟ್ತೀರಿ ಸರ, ನಾವೇನ ಎಲ್ಲಿ ಓಡಿ ಹೋಗ್ತೇವೇನ್ರಿ?" ಎಂದರು. ಸರಿ ಎಂದೆ. ಹೌದು, ನಾನೇ ಸರಿ ಎಂದೆ.

ಚಕ್ರ ಹಾಕುವಾಗ ಗಿರಾಕಿ ಪಕ್ಕದಲ್ಲೇ ನಿಂತಿರುವುದು ಹೆಚ್ಚಿನ ಅಂಗಡಿಗಳಲ್ಲಿ ಇರುವ ರೂಢಿ. ಇಲ್ಲಿ ನನ್ನನ್ನು ಒಳಗಿನ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಹೊರಗೆ ಬರುವಷ್ಟರಲ್ಲಿ ನಾಲ್ಕೂ ಚಕ್ರ ಏರಿದ್ದವು, ಟಯರುಗಳಿಗೆ ಕಪ್ಪು ಪಾಲಿಶ್ ಹೊಡೆದು ಮಿರಿಮಿರಿ ಮಿಂಚುವಂತೆ ಮಾಡಿದ್ದರು. ತಯಾರಾದ ವಾರ ಮತ್ತು ವರ್ಷ ತಿಳಿಸುವ ನಾಲ್ಕು ಅಂಕಿಗಳನ್ನು ಹುಡುಕಿದೆ, ಕಾಣಲಿಲ್ಲ. "ಇಂಪೋರ್ಟೆಡ್ ಮಾಲಿಗೆ ಹೊರಗ ಡೇಟ್ ಇರೂದಿಲ್ರಿ" ಎಂದರು. ಚಕ್ರ ತುಸು ಹೆಚ್ಚೇ ಹೊರಗೆ ಬಂದಂತಿದೆಯಲ್ಲ ಎಂದು ಕೇಳಿದ್ದಕ್ಕೆ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ತೋರಿಸಿ, "ನೋಡ್ರಿ, ಎಲ್ಲೆರೆ ಮುಟ್ತದೇನು? ಬರೋಬ್ಬರಿ ಕುಂತೈತಿ. ಇಂಥಾ ಹತ್ತ ಪೋಲೋ ಮಾಡೇವ್ರಿ" ಎಂದರು. ಮುಟ್ಟಲಿಲ್ಲ, ನಿಜ. ಖಾಲಿ ಕಾರು ಸಪಾಟು ಫರಶಿಯ ಮೇಲೆ ನಿಂತಾಗ ಯಾವುದೂ ಮುಟ್ಟುವುದಿಲ್ಲ. ಅದರ ಜೊತೆಗೆ ಹೊಸ ಟಯರಿನ ಒಟ್ಟು ಎತ್ತರ ಹಳೆಯದಕ್ಕಿಂತ 17 ಮಿಲಿಮೀಟರ್ ಕಡಿಮೆಯಾದ್ದರಿಂದ ಟಯರಿನ ಮೇಲಿನ ಸಂದು ಮೊದಲಿಗಿಂತ ದೊಡ್ಡದಾಗಿಯೇ ಕಂಡು, ನನ್ನ ಸಂಶಯವನ್ನು ನಾನೇ ನುಂಗಿಕೊಂಡೆ.

ಮುಂದಿನ ಭಾನುವಾರ ಹಿಂದಿನ ಸೀಟಿನಲ್ಲಿ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಕಿತ್ತೂರಿನ ಕಡೆಗೆ ಹೊರಟೆ. ಹೆದ್ದಾರಿಯ ಪ್ರತಿ ಉಬ್ಬಿಗೂ ಹಿಂದಿನಿಂದ ಬಟ್ಟೆ ಹರಿದಂತೆ ಸದ್ದು. ಎಂಬತ್ತು ದಾಟಿದರೆ ಸ್ಟೇರಿಂಗು ಕೈಯಲ್ಲಿ ನಡುಗುತ್ತಿತ್ತು. ಹಿರೇಬಾಗೇವಾಡಿ ಟೋಲಿನ ಹತ್ತಿರ ಬರುವಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ ಒಳಗೇ ತುಂಬಿತು. ಕೆಳಗಿಳಿದು ನೋಡಿದರೆ ಹಿಂದಿನ ಎಡ ಟಯರಿನ ಹೊರಭುಜವನ್ನು (ಮೇಲ್ಮೈಯು ಮಗ್ಗುಲಿಗೆ ತಿರುಗುವ ಹೊರ ಅಂಚನ್ನು) ಫೆಂಡರಿನ ಒಳಮಡಿಕೆಯು ಸೌತೆಕಾಯಿ ಹೆರೆದಂತೆ ಸುತ್ತಲೂ ಹೆರೆದಿತ್ತು. ಎರಡು ಕಡೆ ಒಳಗಿನ ದಾರ ಕಾಣುತ್ತಿತ್ತು. ಟ್ರ್ಯಾಕ್ ಟಯರಿನ ಭುಜ ಚೌಕಾಗಿರುತ್ತದೆ, ಅದೇ ಅಳತೆಯ ಸಾದಾ ಟಯರಿನ ಭುಜ ದುಂಡಗಿರುತ್ತದೆ. ಆದ್ದರಿಂದ ಸಾದಾ ಟಯರು ಪಾರಾಗುವ ಜಾಗದಲ್ಲಿ ಇದು ತಾಗುತ್ತದೆ. ಇದು ನನಗೆ ಗೊತ್ತಿರಬೇಕಾಗಿತ್ತು. ಆದರೆ ಇಷ್ಟು ತಾಗುವುದಕ್ಕೆ ಅದೊಂದೇ ಕಾರಣವಾಗಿರಲು ಸಾಧ್ಯವಿರಲಿಲ್ಲ.

ಪಕ್ಕದ ಪಂಕ್ಚರ್ ಅಂಗಡಿಯ ಕಾಕಾ ಜಾಕ್ ಏರಿಸಿದರು. ಅವರು ಪಾನಾ ಇಟ್ಟು ತುಸುವೇ ಒತ್ತಿದ್ದಕ್ಕೆ ಎರಡು ಬೋಲ್ಟುಗಳು ಸಲೀಸಾಗಿ ತಿರುಗಿದವು. ಅದನ್ನು ನೋಡಿಯೇ ನನ್ನ ಕೈಕಾಲು ತಣ್ಣಗಾದವು. ಚಕ್ರವನ್ನು ಕಳಚಿ ನೆಲಕ್ಕೆ ಮಲಗಿಸಿ, ಒಳಮಗ್ಗುಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಆ ಬಿಳಿ ಚೀಟಿಯ ಒಂದು ಮೂಲೆ ಎದ್ದು ಬಂತು. ಕಾಕಾ ಅದನ್ನು ಉಗುರಿನಿಂದ ಕಿತ್ತರು. ಅದರ ಕೆಳಗೆ ಲೋಹದಲ್ಲೇ ಎರಕವಾಗಿ ಮೂಡಿದ್ದ ಅಕ್ಷರಗಳಿದ್ದವು: ಇಟಿ 20.

ನಾನು ಬಹಳ ಹೊತ್ತು ಆ ಎರಡು ಅಂಕಿಗಳನ್ನೇ ನೋಡುತ್ತ ಕುಳಿತಿದ್ದೆ. ಹದಿನೆಂಟು ಮಿಲಿಮೀಟರ್ ಹೊರಗೆ ಬರಬೇಕಾಗಿದ್ದ ಅಂಚು ಮೂವತ್ತಮೂರು ಮಿಲಿಮೀಟರ್ ಹೊರಗೆ ಬಂದಿತ್ತು. ಒಳಗಡೆ ಮಾತ್ರ ಮೊದಲಿಗಿಂತ ಏಳು ಮಿಲಿಮೀಟರ್ ಜಾಗ ಹೆಚ್ಚಾಗಿ ಖಾಲಿ ಬಿದ್ದಿತ್ತು. ಅಷ್ಟರಲ್ಲಿ ಕಾಕಾ ಟಯರನ್ನು ಸವರುತ್ತ, "ತಮ್ಮಾ, ಹೊಸಾ ಟಯರ ಅಂದೆಲ್ಲಾ, ಇಲ್ಲಿ ನೋಡು, ಹದಿನಾಲ್ಕ ಹದಿನೆಂಟ ಐತಿ" ಎಂದರು. ಅಂದರೆ 2018ರ ಹದಿನಾಲ್ಕನೆಯ ವಾರ. ಎಷ್ಟೋ ಟಯರುಗಳಲ್ಲಿ ತಾರೀಖಿನ ಪೂರ್ತಿ ಸಾಲು ಒಂದೇ ಮಗ್ಗುಲಿಗಿರುತ್ತದೆ, ಇನ್ನೊಂದು ಮಗ್ಗುಲಿನಲ್ಲಿ ಆ ಸಾಲು ಅರ್ಧಕ್ಕೇ ನಿಲ್ಲುತ್ತದೆ. ನನ್ನ ನಾಲ್ಕೂ ಟಯರುಗಳ ಪೂರ್ತಿ ಸಾಲನ್ನು ಒಳಗೆ ಮಾಡಿ ಕೂರಿಸಿದ್ದರು. ಉಗುರು ಊರಿದರೆ ಗುರುತು ಬೀಳಬೇಕಾದ ಮೆತ್ತನೆಯ ರಬ್ಬರು ಬಳಪದ ಕಲ್ಲಿನಂತಾಗಿತ್ತು. ಮರುದಿನ ಹೈಡ್ರಾಲಿಕ್ ಸೀಲು ತಯಾರಿಸುವ ಗೆಳೆಯನ ಘಟಕದಲ್ಲಿ ರಬ್ಬರಿನ ಗಡಸುತನವನ್ನು ಶೋರ್ ಎ ಎಂಬ ಅಳತೆಯಲ್ಲಿ ನೋಡಿಸಿದೆ. ಈ ಜಾತಿಯ ಟಯರು 60ರಿಂದ 70ರೊಳಗಿರಬೇಕು, ನನ್ನದು 82 ತೋರಿಸಿತು. ಪಾಲಿಶ್ ತೊಳೆದ ಮೇಲೆ ಟ್ರ್ಯಾಕಿನಲ್ಲಿ ಉಜ್ಜಿದ ಸಣ್ಣ ಸಣ್ಣ ಗೀರುಗಳೂ ಕಂಡವು. ಯಾರೋ ಓಡಿಸಿ, ಕಾಯಿಸಿ, ಆರಿಸಿ, ಬಿಸಾಕಿದ ಟಯರಿಗೆ ನಾನು ಹೊಸದರ ಬೆಲೆ ಕೊಟ್ಟಿದ್ದೆ.

ಬೋಲ್ಟಿನ ವಿಷಯವನ್ನು ಮಾತ್ರ ಕ್ಷಮಿಸಲಾರೆ. ನನ್ನ ಕಾರಿನ ಕಂಪನಿ ಬೋಲ್ಟಿನ ತಲೆಯ ಕೆಳಭಾಗ ಗುಂಡಗಿರುತ್ತದೆ. ಹೊರಗೆ ಸಿಗುವ ಹೆಚ್ಚಿನ ಅಲಾಯ್ ರಿಮ್ಮುಗಳ ತೂತು ಶಂಕುವಿನ ಆಕಾರದ್ದಾಗಿರುತ್ತದೆ. ಗುಂಡಗಿನ ಬೋಲ್ಟನ್ನು ಶಂಕುವಿನ ತೂತಿಗೆ ಬಿಗಿದರೆ ಕೂದಲೆಳೆಯಷ್ಟು ಗೆರೆಯ ಮೇಲೆ ಮಾತ್ರ ಹಿಡಿತವಿರುತ್ತದೆ, ಎಷ್ಟು ಬಿಗಿದರೂ ಸಡಿಲಾಗುತ್ತದೆ. ನನ್ನ ಬೋಲ್ಟುಗಳ ಮೇಲೆ ಆ ಗೆರೆ ಉಂಗುರದಂತೆ ಹೊಳೆಯುತ್ತಿತ್ತು. ಮೇಲಾಗಿ ರಿಮ್ಮಿನ ನಡುವಿನ ತೂತು 73.1 ಮಿಲಿಮೀಟರ್, ನನ್ನ ಹಬ್ಬು 57.1. ನಡುವೆ ಉಂಗುರ ಹಾಕದೇ ಇದ್ದುದರಿಂದ ಇಡೀ ಚಕ್ರ ಆ ಸಡಿಲ ಬೋಲ್ಟುಗಳ ಮೇಲೆಯೇ ಜೋತು ಬಿದ್ದಿತ್ತು. ಉದ್ಯಮಬಾಗದಲ್ಲಿ ಯಾವ ಲೇತಿನವನಿಗೆ ಹೇಳಿದರೂ ಒಂದೇ ದಿನದಲ್ಲಿ ಕೆತ್ತಿ ಕೊಡುವ ಉಂಗುರವದು. ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಿದ್ದೆನಲ್ಲ ಎಂದು ಈಗಲೂ ರಾತ್ರಿ ನೆನಪಾಗುತ್ತದೆ.

ಇನ್ನು ಅವರ ಉತ್ತರಗಳನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ. ಮೊದಲ ದಿನ: "ಟ್ರ್ಯಾಕ್ ಟಯರ ಅಂದ್ರ ಸಪ್ಪಳಾ ಮಾಡೂವ ಸರ." ಹರಿದ ಭುಜದ ಫೋಟೊ ಕಳಿಸಿದ ಮೇಲೆ: "ಮೂರ ಮಂದಿ ಕುಂಡ್ರಿಸ್ಕೊಂಡ ಹೋದ್ರ ಯಾವ ಗಾಡಿಯರೆ ಕುಂಡ್ರೂದ ಸರ." ಐದು ಸೀಟಿನ ಕಾರಿಗೆ ಈ ಮಾತು! ಚೀಟಿಯ ಕೆಳಗಿನ ಇಟಿ 20 ತೋರಿಸಿದಾಗ: "ಚೀಟಿ ಕಂಪನಿಯವ್ರ ಹಚ್ಚಿರ್ತಾರ, ನಮಗೇನ ಗೊತ್ತು?" ಟಯರಿನ ತಾರೀಖು ಕೇಳಿದಾಗ ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ: "ಬಿಲ್ ಐತೇನ್ರಿ ಸರ?" ನನ್ನ ಹತ್ತಿರ ಇದ್ದದ್ದು "ಅಲಾಯ್ 4, ಟಯರ್ 4" ಎಂದು ಪೆನ್ನಿನಲ್ಲಿ ಗೀಚಿದ ಚೀಟಿ ಮಾತ್ರ. ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದಾಗ ಬಂದ ಉತ್ತರ ಇನ್ನೂ ಚುಚ್ಚುತ್ತದೆ: "ಹೋಗ್ರಿ ಸರ. ಗಾಡಿ ಮಾಡಿಫೈ ಮಾಡಿಸಿದ್ದಕ್ಕ ಮೊದಲ ದಂಡಾ ನಿಮಗ ಬೀಳ್ತೈತಿ."

ಅವರು ನನ್ನನ್ನು ಬೆದರಿಸಿದ್ದು ಸುಳ್ಳು ಕಾನೂನಿನಿಂದಲ್ಲ ಎಂಬುದೇ ಇದರಲ್ಲಿನ ಕಹಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ, 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಮಾಲೀಕನಿಗೆ ಅಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಇದನ್ನು ಚಕ್ರ ಮಾರುವಾಗ ಅವರು ಹೇಳಲಿಲ್ಲ. ನಾನು ಹಣ ವಾಪಸು ಕೇಳಿದಾಗ ಹೇಳಿದರು.

ಕಂಪನಿಯ ಚಕ್ರಗಳನ್ನಾದರೂ ಕೊಡಿ ಎಂದು ಖುದ್ದಾಗಿ ಹೋದೆ. ಚೋರ್ಲಾ ಘಾಟಿನಲ್ಲಿ ಕಲ್ಲಿಗೆ ತಾಗಿ ಗೀರು ಬಿದ್ದಿದ್ದ ನನ್ನದೇ ರಿಮ್ಮು ಗೋಡೆಯ ಮೇಲೆ ನೇತಾಡುತ್ತಿತ್ತು. 12,000ಕ್ಕೆ ಕೊಂಡ ಸೆಟ್ಟಿಗೆ 24,000 ಕೇಳಿದರು. ನಾನು ಹೊರಗೆ ಬಂದು, ಹಳೆಯ ಸಾಮಾನಿನ ಅಂಗಡಿಯಲ್ಲಿ ನಾಲ್ಕು ಕಬ್ಬಿಣದ ರಿಮ್ಮು ಹುಡುಕಿ ಹಾಕಿಸಿದೆ.

ನನ್ನಷ್ಟು ಬುದ್ಧಿವಂತರಲ್ಲದವರಿಗೆ ಮೋಸವಾಗದಿರಬಹುದು, ಆದರೂ ಹೇಳುತ್ತೇನೆ. ಚಕ್ರ ಕಾರಿಗೆ ಏರುವ ಮೊದಲು ಅದನ್ನು ನೆಲಕ್ಕೆ ಮಲಗಿಸಿ, ಎರಕದಲ್ಲಿರುವ ಅಂಕಿಯನ್ನು ಓದಿ, ಚೀಟಿಯಿದ್ದರೆ ಕೀಳಿ. ಟಯರಿನ ಎರಡೂ ಮಗ್ಗುಲು ನೋಡಿ. ಬೋಲ್ಟಿನ ತಲೆ ಮತ್ತು ರಿಮ್ಮಿನ ತೂತು ಒಂದೇ ಆಕಾರದ್ದೇ ಎಂದು ಬೆರಳಿಟ್ಟು ನೋಡಿ. ಮೊದಲು ಒಂದೇ ಚಕ್ರ ಹಾಕಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಫೆಂಡರಿನ ಒಳಮಡಿಕೆಗೆ ಮಕ್ಕಳು ಆಡುವ ಜೇಡಿಯನ್ನು ಮೆತ್ತಿ, ಉಬ್ಬು ಹತ್ತಿಸಿ ನೋಡಿ. ಹಳೆಯ ಚಕ್ರಗಳನ್ನು ಯಾರಿಗೂ ಕೊಡಬೇಡಿ. ಚಹಾ ಕೊಟ್ಟರೆ ಚಕ್ರದ ಪಕ್ಕದಲ್ಲೇ ನಿಂತು ಕುಡಿಯಿರಿ. ಪಕ್ಕಾ ಬಿಲ್ಲಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ನನ್ನ ಹತ್ತಿರ ಇರುವುದು ವಾಟ್ಸಾಪಿನ ಫೋಟೊಗಳು ಮಾತ್ರ, ಅವುಗಳನ್ನೇ ವಕೀಲರಿಗೆ ಕೊಟ್ಟಿದ್ದೇನೆ.

ಶುಕ್ರವಾರದ ಕರೆ ಇದು: "ಸರ, ಆ ಸೆಟ್ ಹಂಗ ಬಿದ್ದೈತಲ್ರಿ? ಉಳದ ಮೂರ ಟಯರಿಗೆ 15,000 ಕೊಡ್ತೇನಿ. ವಿಜಯಪುರದ ಹುಡುಗ ಒಬ್ಬಾವ ಪೋಲೋಕ್ಕ ಕೇಳಾಕತ್ತಾನ." ನಾನು ಕೊಡುವುದಿಲ್ಲ ಎಂದೆ. ಅಂದು ಸಂಜೆಯೇ ಮೂರೂ ಟಯರುಗಳ ಹೊರಮಗ್ಗುಲಿಗೆ ಬಿಳಿ ಬಣ್ಣದಿಂದ 2018 ಎಂದು ಗೇಣುದ್ದದ ಅಕ್ಷರಗಳಲ್ಲಿ ಬರೆದು, ಬಣ್ಣ ಒರೆಸಿದರೂ ಮಾರಲಾಗದಂತೆ ಬದಿಗೆ ಎರಡೆರಡು ತೂತು ಕೊರೆದು ಇಟ್ಟಿದ್ದೇನೆ. ವಿಜಯಪುರದ ಆ ಹುಡುಗನ ನಂಬರು ನನ್ನಲ್ಲಿಲ್ಲ.