ಒಂದೇ ಸೈಟು, ಮೂರು ಪ್ಲಾನು: 30×40ರಲ್ಲಿ ನಾವು ಅಳೆದು, ಇದ್ದು ನೋಡಿದ್ದು

ಪ್ಲಾನು ಹಾಕಿಸಲು ಹೋದರೆ ಇಂಜಿನಿಯರ್ ಮೊದಲು ಕೇಳುವುದು "ಎಷ್ಟು ಬೆಡ್‌ರೂಮ್ ಬೇಕು?" ಅಂತ. ನನ್ನ ಪ್ರಕಾರ ಮೊದಲು ಇತ್ಯರ್ಥ ಆಗಬೇಕಾದದ್ದು ಮೆಟ್ಟಿಲು. ಮನೆಯೊಳಗೋ ಹೊರಗೋ, ಅದನ್ನು ಹತ್ತುವವರು ಯಾರು, ದಿನಕ್ಕೆ ಎಷ್ಟು ಸಲ? ಇಷ್ಟು ಗೊತ್ತಾದರೆ ಉಳಿದ ಕೋಣೆಗಳು ಹೆಚ್ಚುಕಡಿಮೆ ತಾವೇ ಜಾಗ ಹುಡುಕಿಕೊಳ್ಳುತ್ತವೆ.

ನಮ್ಮದು ಮೈಸೂರಿನ ಹೊರವಲಯದ ಬಡಾವಣೆಯಲ್ಲಿ ಪೂರ್ವದ ರಸ್ತೆಗೆ ಮುಖ ಮಾಡಿದ 30×40. ಮನೆಯಲ್ಲಿ ಐದು ಜನ: ನಾವಿಬ್ಬರು, ಪಿಯುಸಿ ಓದುವ ಮಗಳು, ಹೈಸ್ಕೂಲಿನ ಮಗ, ಮಂಡಿನೋವಿನ ಅತ್ತೆ. ಮುಂದಿದ್ದ ಆಯ್ಕೆ ಮೂರು. ಒಂದು, ಎಲ್ಲವೂ ನೆಲಮಹಡಿಯಲ್ಲೇ. ಎರಡು, ಕೆಳಗೆ ಬಾಡಿಗೆಗೆ ಕೊಟ್ಟು ಮೇಲೆ ನಾವು. ಮೂರು, ಒಳಗೇ ಮೆಟ್ಟಿಲಿರುವ ಡ್ಯೂಪ್ಲೆಕ್ಸ್. ಮೂರೂ ಬಗೆಯ ಮನೆಯಲ್ಲಿ ನಾವು ಇದ್ದು ಬಂದವರು. ಮೊದಲ ಬಾಡಿಗೆಮನೆ ಕುವೆಂಪುನಗರದ ನೆಲಮಹಡಿ, ಆಮೇಲಿನದು ಸರಸ್ವತಿಪುರಂನಲ್ಲಿ ಓನರ್ ಮನೆಯ ಮೇಲಿನ ಮಹಡಿ. ಬೆಂಗಳೂರಿನಲ್ಲಿರುವ ನನ್ನ ಅಕ್ಕನದು ಡ್ಯೂಪ್ಲೆಕ್ಸ್; ಅತ್ತೆಯ ಚಿಕಿತ್ಸೆಯ ನೆಪದಲ್ಲಿ ಅಲ್ಲಿ ಒಂದು ಬೇಸಿಗೆ ಪೂರ್ತಿ ಇದ್ದೆವು. ಆದರೂ ಸಾಲದು ಅಂತ ಮೂರೂ ಪ್ಲಾನನ್ನು ಸೈಟಿನಲ್ಲಿ ಸುಣ್ಣದ ಪುಡಿಯಲ್ಲಿ ಎಳೆಸಿ, ಒಳಗೆ ಓಡಾಡಿದೆವು.

ಮೊದಲು ಲೆಕ್ಕ. ಅಕ್ಕಪಕ್ಕ ಮೂರು ಮೂರು ಅಡಿ, ಹಿಂದೆ ಮೂರು, ಮುಂದೆ ಐದು ಅಡಿ ಬಿಟ್ಟರೆ ಕಟ್ಟಲು ಉಳಿಯುವುದು 24×32, ಅಂದರೆ 768 ಚದರಡಿ. (ಬಿಡಬೇಕಾದ ಜಾಗದ ನಿಯಮ ಊರಿಂದೂರಿಗೆ, ಸೈಟಿಂದ ಸೈಟಿಗೆ ಬೇರೆ, ನಿಮ್ಮದನ್ನು ಕಚೇರಿಯಲ್ಲೇ ಕೇಳಿ.) ಎಂಟು ಇಂಚಿನ ಹೊರಗೋಡೆಯೇ ಸುಮಾರು 73 ಚದರಡಿ ತಿನ್ನುತ್ತದೆ. ಒಳಗಿನ ನಾಲ್ಕಿಂಚಿನ ಗೋಡೆಗಳಿಗೆ ಇನ್ನೊಂದು ಇಪ್ಪತ್ತು. ಕಾರಿಗೆ ಮುಂದಿನ ಐದು ಅಡಿಯ ಜತೆ ಒಳಗಿನಿಂದ 10×11 ಕೊಟ್ಟರೆ ಮತ್ತೆ 110. ಕಡೆಗೆ ಕಾಲಿಡಲು ಸಿಗುವುದು ಐದೂವರೆ ಚದರ ಚಿಲ್ಲರೆ (ಒಂದು ಚದರ ಅಂದರೆ ನೂರು ಚದರಡಿ). ಏಳೂಮುಕ್ಕಾಲು ಚದರದ ಮನೆ ಅಂತ ಬಾಯಲ್ಲಿ ಹೇಳಿಕೊಂಡು ಓಡಾಡುವುದೇ ಬೇರೆ.

ಎಲ್ಲವೂ ನೆಲಮಹಡಿಯಲ್ಲಿ ಅಂದಾಗ ಈ ಐದೂವರೆ ಚದರವೇ ಪೂರ್ತಿ ಮನೆ. 10×11ರದೊಂದು, 10×10ರದೊಂದು ಬೆಡ್‌ರೂಮ್, 8×10 ಅಡುಗೆಮನೆ, 4×7ರ ಎರಡು ಬಚ್ಚಲು, ಪುಟ್ಟದೊಂದು ದೇವರಮನೆ. ಹಾಲ್‌ಗೆ ಉಳಿದದ್ದು ಇನ್ನೂರು ಚದರಡಿ, ಅದರಲ್ಲೂ ಕಾಲುಭಾಗ ಕೋಣೆಯಿಂದ ಕೋಣೆಗೆ ಹೋಗುವ ದಾರಿ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಹೇಳುವ ಕನಿಷ್ಠ ಅಳತೆ 9.5 ಚದರ ಮೀಟರ್, ಅಂದರೆ ಸುಮಾರು 102 ಚದರಡಿ; ಎರಡು ಕೋಣೆ ಇದ್ದರೆ ಎರಡನೆಯದಕ್ಕೆ 7.5 ಚದರ ಮೀಟರ್, ಸುಮಾರು 81 ಚದರಡಿ ಸಾಕು. ಅಡುಗೆಮನೆಗೆ 5 ಚದರ ಮೀಟರ್. ದೊಡ್ಡ ಕೋಣೆ ಹೇಗೋ ದಾಟಿತು, ಕಾಗದದ ಮೇಲೆ ಚಿಕ್ಕದೂ ದಾಟಿತು.

ಸುಣ್ಣದ ಗೆರೆ ಎಳೆದ ದಿನ ಎಲ್ಲರ ಮುಖವೂ ಸಪ್ಪೆ. ಬಯಲಲ್ಲಿ ಎಳೆದ ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುವುದು ಸಹಜ, ಗೋಡೆ ಎದ್ದ ಮೇಲೆ ದೊಡ್ಡದಾಗುತ್ತದೆ ಅಂತ ಮೇಸ್ತ್ರಿ ಸಮಾಧಾನ ಹೇಳಿದರು. ಅದು ನಿಜವೂ ಹೌದು. ಹಾಗಾಗಿ ಕಣ್ಣನ್ನು ನಂಬದೆ ಸಾಮಾನು ಇಟ್ಟು ನೋಡಿದೆವು. ಹಳೆಯ ಬೆಡ್‌ಶೀಟನ್ನು ಮಂಚದ ಅಳತೆಗೆ, ಆರು ಅಡಿಗೆ ಆರೂವರೆಯಂತೆ ಮಡಚಿ ಹಾಸಿದ್ದಾಯಿತು. ಬೀರುವಿಗೆ ಎರಡಡಿ ಆಳದ ರಟ್ಟು. 10×10ರ ಕೋಣೆಯಲ್ಲಿ ಮಂಚದ ಕಾಲಿನ ಕಡೆ ಬೀರು ಇಟ್ಟರೆ ನಡುವೆ ಉಳಿಯುವುದು ಒಂದೂವರೆ ಅಡಿ. ಬೀರುವಿನ ಬಾಗಿಲು ತೆರೆದರೆ ಅದರ ಅಂಚು ಮಂಚಕ್ಕೆ ತಗಲುತ್ತದೆ. ಜಾರುವ ಬಾಗಿಲು ಹಾಕಿಸಬಹುದು, ಸರಿ. ಆದರೆ ಮಗಳ ಓದುವ ಮೇಜು? ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ನೆಲಮಹಡಿಯ ಸುಖ ನಮಗೆ ಗೊತ್ತಿಲ್ಲದ್ದಲ್ಲ. ಕುವೆಂಪುನಗರದಲ್ಲಿ ತರಕಾರಿಯವನ ಕೂಗು ಕೇಳಿದ ತಕ್ಷಣ ಅತ್ತೆ ಚಪ್ಪಲಿ ಮೆಟ್ಟಿ ಹೊರಗೆ ಬರುತ್ತಿದ್ದರು. ಸಿಲಿಂಡರ್, ಅಕ್ಕಿ ಮೂಟೆ ಎಲ್ಲ ಬಾಗಿಲಿಗೇ. ರಾತ್ರಿ ಮಕ್ಕಳು ಎದ್ದು ಓಡಾಡಿದರೆ ಗೊತ್ತಾಗುತ್ತಿತ್ತು. ಆದರೆ ಐವರಿಗೆ ಎರಡು ಬೆಡ್‌ರೂಮ್, ಅದೂ ಮಕ್ಕಳು ಬೆಳೆಯುವ ಹೊತ್ತಲ್ಲಿ! ಖರ್ಚಿನ ಲೆಕ್ಕದಲ್ಲೂ ಒಂದೇ ಮಹಡಿ ಚದರಕ್ಕೆ ದುಬಾರಿ. ಪಾಯ, ಸಂಪು, ಕಾಂಪೌಂಡ್ ಎಲ್ಲ ಹೇಗೂ ಬೇಕೇ ಬೇಕು, ಆ ದುಡ್ಡು ಹಂಚಿಹೋಗುವುದು ಬರೀ ಏಳೂಮುಕ್ಕಾಲು ಚದರದ ಮೇಲೆ. 40×60 ಸೈಟು ಇದ್ದಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತಿದ್ದೆ.

ಕೆಳಗೆ ಬಾಡಿಗೆ, ಮೇಲೆ ನಾವು ಅನ್ನುವುದು ನಮ್ಮ ಯಜಮಾನರ ಆಸೆ. ಸಾಲದ ಕಂತಿಗೆ ಬಾಡಿಗೆ ಕೈಗೂಡುತ್ತದೆ ಅನ್ನುವುದು ಅವರ ವಾದ. ಇಲ್ಲಿ ಮನೆ ಎತ್ತುವವರಲ್ಲಿ ಬಹುಪಾಲು ಮಂದಿ ಹೀಗೇ ಕಟ್ಟುತ್ತಾರೆ, ಅದಕ್ಕೆ ಕಾರಣವೂ ಇದೆ. ಮೇಲೆ ಗಾಳಿ ಚೆನ್ನಾಗಿ ಆಡುತ್ತದೆ, ಬಟ್ಟೆ ಒಣಗಿಸಲು ತಾರಸಿ ಹತ್ತಿರ, ರಸ್ತೆಯ ಧೂಳು ಕಡಿಮೆ. ಕಾರಿನ ಜಾಗದ ಮೇಲೂ ಕಟ್ಟಬಹುದಾದ್ದರಿಂದ ಕೆಳಗಿಗಿಂತ ಒಂದು ಚದರ ಹೆಚ್ಚೂ ಸಿಗುತ್ತದೆ.

ಕಷ್ಟ ಏನು ಅಂತ ಸರಸ್ವತಿಪುರಂ ಮನೆ ಕಲಿಸಿತ್ತು. ಒಂದು, ಕಾವು. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಇಡೀ ದಿನ ಆರ್‌ಸಿಸಿ ಮೇಲೆ ಬಿದ್ದು, ಆ ಕಾವು ಕೋಣೆಗೆ ಇಳಿಯುವುದು ಸರಿಯಾಗಿ ನಾವು ಮಲಗುವ ಹೊತ್ತಿಗೆ. ಎರಡು, ನೀರು. ಟ್ಯಾಂಕ್ ತಲೆಯ ಮೇಲೇ ಇದ್ದರೂ ಷವರ್‌ನಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ನಲ್ಲಿಗೂ ಟ್ಯಾಂಕಿಗೂ ಎತ್ತರದ ವ್ಯತ್ಯಾಸ ಕಡಿಮೆಯಾದರೆ ಒತ್ತಡ ಹುಟ್ಟುವುದೇ ಇಲ್ಲ. ಕೆಳಗಿನ ಮನೆಗೆ ಮಾತ್ರ ರಭಸದ ನೀರು. ಟ್ಯಾಂಕನ್ನು ಕಂಬದ ಮೇಲೆ ಎತ್ತರಿಸಿ ಇಟ್ಟರೆ ಇದು ತಕ್ಕಮಟ್ಟಿಗೆ ಸರಿಹೋಗುತ್ತದೆ. ಮೂರನೆಯದಕ್ಕೆ ಮಾತ್ರ ಪರಿಹಾರ ಇಲ್ಲ: ಅತ್ತೆ. ಆ ಮನೆಯಲ್ಲಿ ಅವರು ಕ್ರಮೇಣ ಕೆಳಗಿಳಿಯುವುದನ್ನೇ ಬಿಟ್ಟರು. ದೇವಸ್ಥಾನ ವಾರಕ್ಕೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ. "ಲಿಫ್ಟ್‌ಗೆ ಜಾಗ ಬಿಟ್ಟಿರೋಣ" ಅಂದರು ಇವರು. ಜಾಗ ಬಿಡಬಹುದು, ಹಾಕಿಸುವ ದುಡ್ಡು? ಬಾಡಿಗೆಯ ಲಾಭವನ್ನೇ ಲಿಫ್ಟ್ ನುಂಗುತ್ತದೆ. ಈ ಆಯ್ಕೆಯನ್ನು ನಾನು ತಳ್ಳಿಹಾಕಿದ್ದು ಅಲ್ಲಿಗೆ.

ಡ್ಯೂಪ್ಲೆಕ್ಸ್ ಬಗ್ಗೆ ಹೊಗಳಿಕೆ ಜಾಸ್ತಿ ಕೇಳಿದ್ದೆ. ಅಕ್ಕನ ಮನೆಯಲ್ಲಿ ಇದ್ದಾಗ ಎರಡು ವಿಷಯ ಗಮನಕ್ಕೆ ಬಂತು. ಅಲ್ಲಿ ಬೆಡ್‌ರೂಮುಗಳೆಲ್ಲ ಮೇಲೆ. ಕೆಳಗಿನ ಬಚ್ಚಲು ನೆಂಟರಿಗಷ್ಟೇ ಅನ್ನುವಂತೆ ಮೂಲೆಗೆ ಸೇರಿತ್ತು. ಅತ್ತೆ ಹಾಲ್‌ನ ದಿವಾನದ ಮೇಲೆ ಮಲಗಬೇಕಾಯಿತು, ಟಿವಿ ಆಫ್ ಆಗುವವರೆಗೆ ಅವರಿಗೆ ನಿದ್ದೆಯಿಲ್ಲ. ಎರಡನೆಯದು, ಹಾಲ್‌ನ ನಡುವಿನಿಂದ ಏರುವ ಚೆಂದದ ಮೆಟ್ಟಿಲು. ನೋಡಲು ಸಿನಿಮಾ ಮನೆ. ಆದರೆ ಒಗ್ಗರಣೆಯ ಘಾಟು ಅದೇ ದಾರಿಯಲ್ಲಿ ಸೀದಾ ಮೇಲಿನ ಹಾಸಿಗೆಗೆ ಹೋಗುತ್ತಿತ್ತು, ಮೇಲಿನವರ ಫೋನ್ ಮಾತು ಕೆಳಗೆ ಹಾಲ್‌ಗೆ ಬರುತ್ತಿತ್ತು.

ಹಾಗಾಗಿ ನಮ್ಮ ಪ್ಲಾನಿನಲ್ಲಿ ಡ್ಯೂಪ್ಲೆಕ್ಸನ್ನು ಬಿಡಿಸಿ ಮತ್ತೆ ಜೋಡಿಸಿದೆವು. ಇಂಜಿನಿಯರ್ ಬರೆದ ಮೆಟ್ಟಿಲು ಏಳಿಂಚು ಎತ್ತರ, ಹತ್ತಿಂಚು ಅಗಲದ್ದು. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ, ಅಂದರೆ 126 ಇಂಚು. ಏಳರಂತೆ ಸರಿಯಾಗಿ 18 ಮೆಟ್ಟಿಲು. ಎರಡು ಸಾಲಿನ ಮೆಟ್ಟಿಲಿಗೆ ಲ್ಯಾಂಡಿಂಗ್ ಸೇರಿ ಹತ್ತಡಿ ಉದ್ದ ಸಾಕು. ಆರಿಂಚು ಎತ್ತರ, ಹನ್ನೊಂದಿಂಚು ಅಗಲ ಮಾಡಿದರೆ ಮೆಟ್ಟಿಲು 21 ಆಗುತ್ತದೆ, ಉದ್ದ ಹನ್ನೆರಡಡಿ ದಾಟುತ್ತದೆ. ಆರೂವರೆ ಅಡಿ ಅಗಲಕ್ಕೆ ಲೆಕ್ಕ ಹಾಕಿದರೆ ಹದಿನೈದು ಹದಿನಾರು ಚದರಡಿ ಹೆಚ್ಚು ಖರ್ಚು. "ಇಷ್ಟು ಜಾಗದಲ್ಲಿ ಒಂದು ಸ್ಟೋರ್‌ರೂಮ್ ಬರ್ತಿತ್ತು ಮೇಡಂ" ಅಂತ ಅವರ ತಕರಾರು. ಎರಡೂ ಅಳತೆಗೆ ಇಟ್ಟಿಗೆ ಜೋಡಿಸಿ ನಾಲ್ಕು ನಾಲ್ಕು ಮೆಟ್ಟಿಲು ಮಾಡಿ ಅತ್ತೆಯನ್ನೇ ಹತ್ತಿಸಿದೆ. ಏಳಿಂಚಿನದಕ್ಕೆ ಅವರು ನನ್ನ ಭುಜ ಹಿಡಿದರು. ಆರಿಂಚಿನದನ್ನು ಸೆರಗು ಎತ್ತಿಕೊಂಡು ಒಬ್ಬರೇ ಹತ್ತಿ ಇಳಿದು, "ಇದು ಪರವಾಗಿಲ್ಲ ಕಣಮ್ಮ, ದೀಪಾವಳಿಗೆ ತಾರಸಿ ಮೇಲೆ ಹಣತೆ ಇಡೋಕೆ ಬರ್ತೀನಿ" ಅಂದರು. ಸ್ಟೋರ್‌ರೂಮ್ ಹೋಯಿತು.

ಲ್ಯಾಂಡಿಂಗ್ ಕೆಳಗೆ ಒಂದು ಬಚ್ಚಲು ಕೂರಿಸಿಕೊಡುತ್ತೇನೆ ಅಂತ ಮೇಸ್ತ್ರಿ ಹುಮ್ಮಸ್ಸಿನಲ್ಲಿದ್ದರು. ಹನ್ನೊಂದು ಮೆಟ್ಟಿಲು, ಆರಿಂಚಿನಂತೆ 66 ಇಂಚು. ಸ್ಲ್ಯಾಬಿನ ಐದಿಂಚು ಕಳೆಯಿರಿ. ಉಳಿದದ್ದು ಐದಡಿ ಒಂದಿಂಚು. ನನ್ನ ತಲೆಯೇ ತಗಲುತ್ತದೆ, ಮಗನ ಮಾತು ಬಿಡಿ. ಅಲ್ಲಿ ಯುಪಿಎಸ್, ಚಪ್ಪಲಿ ಗೂಡು ಸಾಕು.

ದಿಕ್ಕುಗಳ ವಿಷಯಕ್ಕೆ ಬಂದಾಗ ಎತ್ತು ಏರಿಗೆ, ಕೋಣ ನೀರಿಗೆ. ಅತ್ತೆಗೆ ವಾಸ್ತು ಬೇಕು, ಇವರಿಗೆ ಬೇಡ. ಅಡುಗೆಮನೆಗೆ ಆಗ್ನೇಯ ಶ್ರೇಷ್ಠ ಅನ್ನುತ್ತಾರೆ, ಆದರೆ ಪೂರ್ವದ ಮನೆಯಲ್ಲಿ ಆಗ್ನೇಯ ಬೀಳುವುದು ರಸ್ತೆಯ ಮಗ್ಗುಲಿಗೆ, ಕಾರು ನಿಲ್ಲಬೇಕಾದ ಜಾಗಕ್ಕೇ. ಪಾತ್ರೆ ತೊಳೆಯುವ ಯುಟಿಲಿಟಿಯೂ ಬೀದಿಗೆ ಕಾಣುತ್ತದೆ. ವಾಯವ್ಯವೂ ಆಗಬಹುದು ಅಂತ ಅತ್ತೆಯ ಪರಿಚಯದ ಪುರೋಹಿತರು ಅಂದ ಮೇಲೆ ಎಲ್ಲ ಸುಲಭವಾಯಿತು. ಅಡುಗೆಮನೆ ವಾಯವ್ಯಕ್ಕೆ, ಯುಟಿಲಿಟಿ ಹಿಂದಕ್ಕೆ, ಅತ್ತೆಯ ಕೋಣೆ ಬಚ್ಚಲಿನ ಸಮೇತ ನೈಋತ್ಯಕ್ಕೆ, ದೇವರಮನೆ ಮತ್ತು ಸಂಪು ಈಶಾನ್ಯಕ್ಕೆ. ಹಿರಿಯರ ಬಚ್ಚಲಿಗೆ ಮಾಮೂಲಿ ಎರಡೂವರೆ ಅಡಿ ಬಾಗಿಲು ಬೇಡ, ಮೂರಡಿ ಇಡಿ. ಮುಂದೆ ವಾಕರ್ ಬಂದರೆ ಗೋಡೆ ಒಡೆಯುವುದು ತಪ್ಪುತ್ತದೆ.

ತೊಟ್ಟಿಯ ಆಸೆ ನನಗಿತ್ತು. ನಮ್ಮ ಅಜ್ಜಿಯ ಊರಿನ ತೊಟ್ಟಿಮನೆ ಹಾಗೆ ನಡುವೆ ಆರು ಅಡಿ ಚೌಕ ತೆರೆದಿಟ್ಟರೆ ಹೇಗೆ ಅಂತ ಗೆರೆ ಎಳೆಸಿದೆ. 24 ಅಡಿ ಅಗಲದಲ್ಲಿ ಎರಡು ಕಡೆ ಒಂಬತ್ತೊಂಬತ್ತು ಅಡಿ ಉಳಿದು, ಯಾವ ಕೋಣೆಯೂ ಕೋಣೆಯಾಗಲಿಲ್ಲ. ಸುತ್ತ ಕಂಬದ ಪಡಸಾಲೆ ಇದ್ದರೇನೇ ತೊಟ್ಟಿ. ಇಲ್ಲದಿದ್ದರೆ ಮಳೆ ಬಂದಾಗ ಒರೆಸುವ ಕೆಲಸ ಅಷ್ಟೆ. ಅದರ ಬದಲು ಮೆಟ್ಟಿಲ ಮೇಲಿನ ಮಾಡನ್ನು ತುಸು ಎತ್ತರಿಸಿ ಸುತ್ತ ಗಾಜಿನ ಪಟ್ಟಿಯ ಕಿಟಕಿ ಇಟ್ಟಿದ್ದೇವೆ. ಪಕ್ಕದ ಸೈಟುಗಳಲ್ಲಿ ಮನೆ ಎದ್ದ ಮೇಲೆ ಅಕ್ಕಪಕ್ಕದ ಕಿಟಕಿಗಳಿಂದ ಬೆಳಕು ಬರುವುದು ಅಷ್ಟಕ್ಕಷ್ಟೆ, ಮೇಲಿನದೇ ಗತಿ. ಬಿಸಿಗಾಳಿಯೂ ಅಲ್ಲಿಂದಲೇ ಹೊರಹೋಗುತ್ತದೆ.

ಮೆಟ್ಟಿಲು ಕಾರಿನ ಜಾಗದ ಬೆನ್ನಿಗೇ ಬಂದಿದೆ, ಹಾಲ್‌ಗೂ ಅದಕ್ಕೂ ನಡುವೆ ಬಾಗಿಲು. ಒಗ್ಗರಣೆ ಕೆಳಗೇ ಉಳಿಯಲಿ ಅಂತ ಮೊದಲು ಇಟ್ಟ ಬಾಗಿಲು ಅದು. ಇವರು ಅದನ್ನು ನೋಡಿ, ಕಾರಿನ ಕಡೆಗೆ ಇನ್ನೊಂದು ಬಾಗಿಲಿನ ಚೌಕಟ್ಟು ಇಟ್ಟು ಸದ್ಯಕ್ಕೆ ಇಟ್ಟಿಗೆಯಲ್ಲಿ ಮುಚ್ಚಿಬಿಟ್ಟರೆ ಮುಂದೆ ಮೇಲಿನ ಮಹಡಿಯನ್ನು ಬೇರೆ ಮನೆ ಮಾಡಬಹುದಲ್ಲ ಅಂದರು. ಬಾಡಿಗೆಯ ಆಸೆ ಇನ್ನೂ ಹೋಗಿಲ್ಲ! ಆದರೆ ಮಾತು ಸರಿಯಿತ್ತು. ಮೇಲೆ ಬಾಲ್ಕನಿಯ ಪಕ್ಕದ ಗೋಡೆಯಲ್ಲಿ ಒಂದು ಸಿಂಕಿಗೆ ಬೇಕಾದ ನೀರಿನ ಪೈಪು, ಹೊರಹೋಗುವ ಪೈಪು ಎರಡನ್ನೂ ಈಗಲೇ ಬಿಡಿಸಿದ್ದೇವೆ, ಇನ್ನೊಂದು ಮೀಟರಿಗೆ ಬೋರ್ಡಿನಲ್ಲಿ ಜಾಗವನ್ನೂ.

ಮನೆಯಲ್ಲಿ ವಯಸ್ಸಾದವರಿಲ್ಲದೆ, ಕಂತು ಭಾರ ಅನ್ನಿಸುವವರು ಎರಡನೆಯದನ್ನೇ ಕಟ್ಟಿ. ಟ್ಯಾಂಕು ಎತ್ತರದಲ್ಲಿರಲಿ, ತಾರಸಿಗೆ ಬಿಳಿ ಕೂಲಿಂಗ್ ಬಣ್ಣ ಬಳಿಸಿ. ಡ್ಯೂಪ್ಲೆಕ್ಸ್ ಅನ್ನುವವರು ಕೆಳಗೊಂದು ಬಚ್ಚಲು ಸಮೇತದ ಕೋಣೆಗೆ ಜಾಗ ಸಿಗದಿದ್ದರೆ ಆ ಪ್ಲಾನನ್ನು ವಾಪಸ್ ಕೊಟ್ಟುಬಿಡಿ. 20×30 ಸೈಟಿನವರಿಗೆ ನನ್ನ ಲೆಕ್ಕ ಯಾವುದೂ ಹೊಂದುವುದಿಲ್ಲ, ಅಲ್ಲಿ ಮೆಟ್ಟಿಲೇ ಕಾಲು ಮನೆ.